ನನ್ನನ್ನು ಒಳಗೆ ಬಿಡದ ಕಂಪ್ಯೂಟರ್

ಅವಳು ನನ್ನನ್ನು ‘ಅಕ್ಕ’ ಎಂದು ಕರೆಯುತ್ತಿದ್ದಳು. ಮೊದಲು ನನಗೆ ಅದೇ ಹಿಡಿಸುತ್ತಿರಲಿಲ್ಲ. ನನಗಿಂತ ಎರಡು ಮಳೆಗಾಲ ಚಿಕ್ಕವಳಿರಬಹುದು, ಅಷ್ಟೇ. ಆದರೆ ಆ ‘ಅಕ್ಕ’ ಕೇಳಿದಾಗಲೆಲ್ಲ ಆಫೀಸಿನವರು ನನ್ನನ್ನು ಹಳಬಳ ಲೆಕ್ಕಕ್ಕೆ ಸೇರಿಸಿ, ಅವಳನ್ನು ಮುಂದೆ ಬರುವವಳ ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ ಎಂದು ನನಗನ್ನಿಸುತ್ತಿತ್ತು. ಹೊಟ್ಟೆಕಿಚ್ಚು ಇರುವವರಿಗೆ ಮರ್ಯಾದೆ ಕೊಟ್ಟರೂ ಚುಚ್ಚುತ್ತದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಗ್ಗೆಯಿಂದ ದಿನಾ ಬಸ್ಸು ಹತ್ತಿ ಸಕಲೇಶಪುರಕ್ಕೆ ಬಂದು, ಹತ್ತಾರು ಕಾಫಿ ಎಸ್ಟೇಟುಗಳ ವ್ಯವಹಾರ ನೋಡಿಕೊಳ್ಳುವ ಕಂಪನಿಯೊಂದರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ನಮ್ಮದು ಗದ್ದೆ, ಸ್ವಲ್ಪ ಕಾಫಿ ಇದ್ದ ಮನೆ. ಹೆಣ್ಣುಮಕ್ಕಳಲ್ಲಿ ಮೇಜಿನ ಮುಂದೆ ಕೂತು ಕೆಲಸ ಮಾಡಿದವಳು ನಾನೇ ಮೊದಲಿಗಳು. ಅವಳ ಮನೆಯವರು ಮಂಗಳೂರು ಕಡೆಯಿಂದ ಬಂದು ಪೇಟೆಯಲ್ಲಿ ಅಂಗಡಿ ಇಟ್ಟು ನೆಲೆ ನಿಂತ ಕ್ಯಾಥೊಲಿಕ್ಕರು. ಅಜ್ಜಿಯ ಮನೆಯಲ್ಲಿದ್ದು ಮಂಗಳೂರಿನಲ್ಲೇ ಓದಿ, ಅಲ್ಲೇ ಟೈಪಿಂಗ್ ಕಲಿತು ಬಂದವಳು. ಇಬ್ಬರದೂ ಟೆಂಪರವರಿ ಕೆಲಸ. ಇಬ್ಬರೂ ಖಾಯಂ ಆಗುವ ಕನಸು ಕಾಣುತ್ತಿದ್ದೆವು.

ಆ ಬೇಸಿಗೆಯಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಒಳಗಿನ ಒಂದು ಕೋಣೆಗೆ ಬಣ್ಣ ಬಳಿದು, ಎ.ಸಿ. ಹಾಕಿ, ಬೀರುವಿನಂಥ ದೊಡ್ಡ ಪೆಟ್ಟಿಗೆಯನ್ನು ಅಲ್ಲಿಟ್ಟರು. ಅದಕ್ಕೆ ಎರಡು ಟರ್ಮಿನಲ್. ಟರ್ಮಿನಲ್ ಎಂದರೆ ಒಂದು ಪರದೆ, ಒಂದು ಕೀಬೋರ್ಡ್, ಬುದ್ಧಿಯೆಲ್ಲ ಪೆಟ್ಟಿಗೆಯೊಳಗೆ. ಒಂದು ಟರ್ಮಿನಲ್ ಪೆಟ್ಟಿಗೆಯ ಪಕ್ಕದಲ್ಲೇ, ಇನ್ನೊಂದು ಹಿಂದಿನ ಜಗಲಿ ದಾಟಿದರೆ ಸಿಗುವ ಅಕೌಂಟ್ಸ್ ಹಾಲಿನಲ್ಲಿ. ಬೆಂಗಳೂರಿನ ಇಂಜಿನಿಯರು ನಮ್ಮಿಬ್ಬರಿಗೂ ಕಲಿಸಿಕೊಟ್ಟು, ಯಾರು ಎಲ್ಲಿ ಕೂರುತ್ತೀರಿ ಎಂದು ಕೇಳಿದ. ಎ.ಸಿ. ಚಳಿ ನನಗಾಗದು, ಕಿಟಕಿ ಪಕ್ಕ ಇರುವ ಹಾಲೇ ಸಾಕು ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಇವತ್ತಿಗೂ ಆ ಬಾಯಿಗೆ ಬೈದುಕೊಳ್ಳುತ್ತೇನೆ.

ಮ್ಯಾನೇಜರು ಅದೇ ದಿನ ಇಬ್ಬರನ್ನೂ ಕರೆದರು. ದೊಡ್ಡ ಆಳು, ಮಾತು ಕಡಿಮೆ. “ಕಂಪ್ಯೂಟರ್‌ಗೆ ಒಂದು ಖಾಯಂ ಪೋಸ್ಟ್ ಐತೆ. ಒಂದೇ. ಮಳೆಗಾಲ ಮುಗೀಲಿ, ಯಾರಿಗೆ ಅಂತ ಹೇಳ್ತೀನಿ” ಎಂದರು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ.

ಬೇಸಿಗೆ ಪೂರ್ತಿ ಏನೂ ತೊಂದರೆಯಿರಲಿಲ್ಲ. ಬೆಳಿಗ್ಗೆ ಬಂದು ಪರದೆಯ ಮೇಲೆ ನನ್ನ ಹೆಸರು ಒತ್ತಿ, ಆಮೇಲೆ ಪಾಸ್‌ವರ್ಡ್ ಒತ್ತಿದರೆ ಹಸಿರು ಅಕ್ಷರದಲ್ಲಿ ಕೆಲಸದ ಪಟ್ಟಿ ಮೂಡುತ್ತಿತ್ತು. ಪಾಸ್‌ವರ್ಡ್ ಮಾತ್ರ ಪರದೆಯ ಮೇಲೆ ಕಾಣುವುದಿಲ್ಲ, ಕುರುಡರ ಹಾಗೆ ಒತ್ತಬೇಕು. ನನ್ನ ಬೆರಳಿಗೆ ಅದು ಲೆಕ್ಕವೇ ಅಲ್ಲ. ಟೈಪಿಂಗಿನಲ್ಲಿ ಆ ಆಫೀಸಿನಲ್ಲೇ ನನ್ನಷ್ಟು ವೇಗದವರಿರಲಿಲ್ಲ. ಪೋಸ್ಟ್ ನನ್ನದೇ ಎಂದು ಮನೆಯಲ್ಲಿ ಅವ್ವನಿಗೆ ಹೇಳಿಯೂ ಆಗಿತ್ತು.

ಮಳೆ ಹಿಡಿಯಿತು. ಒಂದು ದಿನ ಬೆಳಿಗ್ಗೆ ಹೆಸರು ಒತ್ತಿದೆ, ಪಾಸ್‌ವರ್ಡ್ ಒತ್ತಿದೆ, ‘ಲಾಗಿನ್ ಇನ್‌ಕರೆಕ್ಟ್’ ಎಂದಿತು. ಬೆರಳು ತಪ್ಪಿರಬೇಕು ಎಂದು ಮತ್ತೆ ಒತ್ತಿದೆ. ಅದೇ ಮಾತು. ಬೆರಳು ಒರೆಸಿಕೊಂಡು, ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ಒತ್ತಿದರೂ ಅದೇ ಮಾತು. ಜಗಲಿ ದಾಟಿ ಒಳಕೋಣೆಗೆ ಹೋಗಿ ನೋಡಿದರೆ, ಅವಳು ಆಗಲೇ ಅರ್ಧ ಎಸ್ಟೇಟಿನ ಆಳುಗಳ ಹಾಜರಿ ಒತ್ತಿ ಮುಗಿಸಿ ಕೂತಿದ್ದಳು. ಮಧ್ಯಾಹ್ನ ಊಟ ಮಾಡಿಬಂದು ನಾನು ಒತ್ತಿದಾಗ ನೆಟ್ಟಗೆ ಒಳಗೆ ಬಿಟ್ಟಿತು.

ಇದು ದಿನಾ ಆಗಿದ್ದರೆ ಕೆಟ್ಟಿದೆ ಎನ್ನಬಹುದಿತ್ತು. ಒಂದು ದಿನ ಬಿಡುತ್ತದೆ, ಇನ್ನೊಂದು ದಿನ ಇಲ್ಲ. ಬೆಳಿಗ್ಗೆ ಬಿಟ್ಟದ್ದು ಕಾಫಿಗೆ ಎದ್ದುಹೋಗಿ ಬರುವಷ್ಟರಲ್ಲಿ ಬಿಡುವುದಿಲ್ಲ. ನಾನು ಒದ್ದಾಡಿ ಒದ್ದಾಡಿ ಹೆಡ್‌ಕ್ಲಾರ್ಕರನ್ನು ಕರೆತಂದು ತೋರಿಸಿದರೆ ಅದೇ ಹೊತ್ತಿಗೆ ಸಲೀಸಾಗಿ ಬಿಡುತ್ತದೆ. ಹೆಡ್‌ಕ್ಲಾರ್ಕ್ ನನ್ನಪ್ಪನ ವಯಸ್ಸಿನವರು, ನಮ್ಮ ಕಡೆಯವರೇ, ನಾಲಿಗೆ ಮಾತ್ರ ಬಲು ಹರಿತ. “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ ಕಣವ್ವ” ಎಂದು ಹಾಲಿನ ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದರು. ಹಾಲಿನವರು ನಕ್ಕರು. ನನಗೆ ಆ ಪರದೆಯನ್ನೇ ಎತ್ತಿ ಹೇಮಾವತಿಗೆ ಎಸೆಯಬೇಕು ಅನ್ನಿಸಿತು.

ಅವಳಿಗೆ ಮಾತ್ರ ಒಂದು ದಿನವೂ ತೊಂದರೆಯಿಲ್ಲ. ಅವಳು ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಆ ತಣ್ಣನೆ ಕೋಣೆಯಲ್ಲಿ ಕೂತು ಟಕಟಕ ಎರಡು ಸಲ ಒತ್ತಿದರೆ ಮುಗಿಯಿತು. ನನ್ನ ಎಸ್ಟೇಟುಗಳ ಹಾಜರಿ ಹಾಳೆಗಳು ಮೇಜಿನ ಮೇಲೆ ಬೆಳೆಯುತ್ತಿದ್ದವು, ಅವಳ ಮೇಜು ಸಂಜೆಗೆ ಖಾಲಿ. ಕೊನೆಗೆ ಮ್ಯಾನೇಜರು ನನ್ನ ಹಾಳೆಗಳಲ್ಲಿ ಅರ್ಧವನ್ನು ಅವಳಿಗೇ ಕೊಟ್ಟರು. ಅವಳು ನನ್ನ ಮೇಜಿನಿಂದ ಅವನ್ನು ಎತ್ತಿಕೊಳ್ಳುವಾಗ “ಬೇಜಾರು ಮಾಡ್ಬೇಡಿ ಅಕ್ಕ” ಎಂದಳು. ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಆ ಹಾಳೆಗಳನ್ನು ಅವಳು ಎದೆಗೊತ್ತಿಕೊಂಡು ಹೋಗುವುದನ್ನು ನೋಡುತ್ತಿದ್ದರೆ ನನ್ನ ಕೂಸನ್ನು ಬೇರೆಯವಳು ಎತ್ತಿಕೊಂಡು ಹೋದಷ್ಟು ಸಂಕಟ.

ಇಂಜಿನಿಯರಿಗೆ ಫೋನು ಹೋಯಿತು. ಹೊರಗಿನವರು ಬರುತ್ತಾರೆಂದರೆ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಹಿಂದಿನ ದಿನವೇ ಜಗಲಿಯಲ್ಲಿದ್ದ ಗಮ್‌ಬೂಟು, ರೈನ್‌ಕೋಟು, ಕೊಡೆ ಎಲ್ಲವನ್ನೂ ಹಿಂದಿನ ಸ್ಟೋರಿಗೆ ಸಾಗಿಸಿ, ಫಿನಾಯಿಲ್ ಹಾಕಿ ನೆಲ ಒರೆಸಿ, ಬಂದವರು ನಮ್ಮದು ಕೆಸರಿನ ಊರು ಅನ್ನದ ಹಾಗೆ ಮಾಡಿಡುತ್ತಿದ್ದರು. ಅವತ್ತು ಎಸ್ಟೇಟಿನಿಂದ ಯಾರೂ ಬರಬೇಡಿ ಎಂದು ಹೇಳಿಯೂ ಕಳಿಸುತ್ತಿದ್ದರು. ಇಂಜಿನಿಯರು ಬಂದ, ನನ್ನ ಕುರ್ಚಿಯಲ್ಲಿ ಕೂತ, ಒತ್ತಿದ, ಒಳಗೆ ಬಿಟ್ಟಿತು. ನನ್ನಿಂದ ಒತ್ತಿಸಿದ, ಆಗಲೂ ಬಿಟ್ಟಿತು. ಸಾಯಂಕಾಲದವರೆಗೆ ಒಂದು ಸಲವೂ ತಪ್ಪಲಿಲ್ಲ. ಸಿಸ್ಟಮ್ ಸರಿಯಾಗಿದೆ, ಆಪರೇಟರಿಗೆ ಅಭ್ಯಾಸ ಸಾಲದು ಎಂದು ಮ್ಯಾನೇಜರಿಗೆ ಹೇಳಿ ರಾತ್ರಿ ಬಸ್ಸಿಗೆ ಹೋದ. ಮಾರನೆಯ ದಿನ ಹೆತ್ತೂರು ಕಡೆಯ ಎಸ್ಟೇಟುಗಳಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರುಗಳು ಹಾಜರಿ ತಂದ ಹೊತ್ತಿಗೆ ಮತ್ತೆ ‘ಇನ್‌ಕರೆಕ್ಟ್’.

ಅವನು ಮತ್ತೊಮ್ಮೆ ಬಂದ. ಮತ್ತೊಮ್ಮೆ ಜಗಲಿ ಒರೆಸಿದರು. ಮತ್ತೊಮ್ಮೆ ಏನೂ ತಪ್ಪಲಿಲ್ಲ. ಈ ಸಲ ಅವನು ನನ್ನ ಮುಖವನ್ನೂ ನೋಡಲಿಲ್ಲ.

ನನಗೆ ಅನುಮಾನ ಹುಟ್ಟಿದ್ದು ಆಗ. ಪೆಟ್ಟಿಗೆಯ ಪಕ್ಕ ಕೂರುವವಳು ಅವಳು. ಯಾರ ಪಾಸ್‌ವರ್ಡ್ ಬೇಕಾದರೂ ಬದಲಾಯಿಸುವ ದಾರಿ ಅವಳ ಪರದೆಯಿಂದ ಇದೆ ಎಂದು ಇಂಜಿನಿಯರು ಕಲಿಸುವಾಗಲೇ ಹೇಳಿದ್ದ. ಬೆಳಿಗ್ಗೆ ನನ್ನದನ್ನು ಬದಲಾಯಿಸಿ, ಯಾರಾದರೂ ನೋಡಲು ಬಂದಾಗ ಹಿಂದಿನಂತೆ ಮಾಡಿಟ್ಟರೆ? ನಗುನಗುತ್ತಾ ಇರುವವರನ್ನು ನಂಬಬಾರದು ಎಂದು ನಮ್ಮವ್ವ ಮೊದಲಿಂದ ಹೇಳುತ್ತಿದ್ದಳು. ಈ ಲೆಕ್ಕಾಚಾರ ನನಗೆ ಎಷ್ಟು ಹಿಡಿಸಿತೆಂದರೆ, ಬಸ್ಸಿನಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಯೋಚಿಸಿ ಸುಖಪಟ್ಟೆ. ಪೋಸ್ಟ್ ಅವಳಿಗೆ ಹೋದರೂ ಮೋಸದಿಂದ ಹೋಯಿತು ಎನ್ನಬಹುದಲ್ಲ.

ಒಂದು ದಿನ ಮಧ್ಯಾಹ್ನ ಒಳಕೋಣೆಗೆ ಹೋಗಿ, ಬಾಗಿಲು ಎಳೆದುಕೊಂಡು, ಕೇಳಿಯೇಬಿಟ್ಟೆ. ನನ್ನ ಪಾಸ್‌ವರ್ಡ್ ಜೊತೆ ಏನು ಆಟ ಆಡ್ತಾ ಇದೀಯ ಅಂದೆ. ಇನ್ನೂ ಏನೇನೋ ಅಂದೆ. ಅವಳು ಅಳುತ್ತಾಳೆ ಅಥವಾ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ನಾನು ತಯಾರಾಗಿ ಹೋಗಿದ್ದೆ. ಅವಳು ಎರಡನ್ನೂ ಮಾಡದೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

“ನಾನು ಮುಟ್ಟಿಲ್ಲ ಅಕ್ಕ. ನೀವು ನಂಬೋದಿಲ್ಲ, ಗೊತ್ತುಂಟು. ಒಂದು ವಾರ ನೀವು ಇಲ್ಲಿ ಕೂತ್ಕೊಳ್ಳಿ, ನಾನು ನಿಮ್ಮ ಜಾಗದಲ್ಲಿ ಕೂತ್ಕೊಳ್ತೇನೆ.”

ಮ್ಯಾನೇಜರ ಹತ್ತಿರ ಅವಳೇ ಹೋಗಿ ಕೇಳಿದಳು. ಅಲ್ಲಿ ಇನ್ನೊಂದು ಮಾತೂ ಹೇಳಿದಳಂತೆ: ಆ ಹಾಲಿನ ಟರ್ಮಿನಲ್ಲು ಸರಿಯಾಗುವ ತನಕ ಪೋಸ್ಟ್ ಯಾರಿಗೂ ಕೊಡಬೇಡಿ, ಆಮೇಲೆ ಒಂದು ತಿಂಗಳು ಇಬ್ಬರ ಕೆಲಸ ನೋಡಿ ತೀರ್ಮಾನ ಮಾಡಿ ಎಂದು. ಹೆಡ್‌ಕ್ಲಾರ್ಕ್ ಬಂದು ಇದನ್ನು ನನಗೆ ಹೇಳಿದಾಗ ಖುಷಿಯಾಗಬೇಕಿತ್ತು. ನನಗೆ ಇನ್ನಷ್ಟು ಉರಿಯಿತು. ದೊಡ್ಡತನ ತೋರಿಸುವ ಅವಕಾಶವೂ ಅವಳಿಗೇ ಸಿಕ್ಕಿತಲ್ಲ!

ಜಾಗ ಬದಲಾಯಿಸಿಕೊಂಡೆವು. ಎ.ಸಿ. ಕೋಣೆಯಲ್ಲಿ ನಾನು ಶಾಲು ಹೊದ್ದು ಕೂತೆ. ಒತ್ತಿದ ತಕ್ಷಣ ಒಳಗೆ ಬಿಟ್ಟಿತು. ಆ ದಿನ ಹೊರಗೆ ಮಳೆ ಹೊಯ್ಯುತ್ತಿತ್ತು, ದೂರದ ಎಸ್ಟೇಟುಗಳ ರೈಟರುಗಳೆಲ್ಲ ಹಾಜರಿ ಹಿಡಿದು ಬಂದಿದ್ದರು. ಸ್ವಲ್ಪ ಹೊತ್ತಿಗೆ ಹಾಲಿನ ಕಡೆಯಿಂದ ಹೆಡ್‌ಕ್ಲಾರ್ಕರ ದನಿ ಕೇಳಿತು: “ಏನಮ್ಮ, ನಿನ್ಗೂ ಬಿಡ್ತಾ ಇಲ್ವಾ?”

ನನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಎದ್ದು ಜಗಲಿಗೆ ಓಡಿದೆ. ಹಾಲಿನ ಬಾಗಿಲಲ್ಲಿ ನಿಂತರೆ ಒಳಗೆ ಅವಳೂ ಕಾಣುತ್ತಿದ್ದಳು, ಹೊರಗೆ ಜಗಲಿಯೂ ಕಾಣುತ್ತಿತ್ತು. ಅವಳು ಒತ್ತುತ್ತಿದ್ದಳು, ಪರದೆ ಅವಳನ್ನೂ ಇನ್‌ಕರೆಕ್ಟ್ ಎನ್ನುತ್ತಿತ್ತು. ಮತ್ತೆ ಒತ್ತಿದಳು. ಮತ್ತೆ ಇನ್‌ಕರೆಕ್ಟ್. ಅವಳ ಕಿವಿ ಕೆಂಪಾಗಿದ್ದನ್ನು ನಾನು ಕಣ್ತುಂಬ ನೋಡಿದೆ. ಸದ್ಯ ಅದು ಸರಿಹೋಗದಿರಲಿ, ಇನ್ನಷ್ಟು ಹೊತ್ತು ಹೀಗೇ ಇರಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಆಗ ಹೊಂಗಡಹಳ್ಳದ ಕಡೆಯ ರೈಟರೊಬ್ಬರು ಹಾಲಿನಿಂದ ಹೊರಗೆ ಬಂದರು. ಬಸ್ಸಿಗೆ ಹೊತ್ತಾಯಿತೆಂದು ಗೊಣಗುತ್ತಾ ಜಗಲಿಯ ತಂತಿಯಿಂದ ತಮ್ಮ ಕೊಡೆಯನ್ನು ಕಿತ್ತುಕೊಂಡರು. ಇಡೀ ತಂತಿ ಜೋಲಾಡಿತು. ಅದೇ ಹೊತ್ತಿಗೆ ಒಳಗಿನಿಂದ ಅವಳು “ಬಿಟ್ಟಿತು” ಎಂದಳು.

ನಾನು ತಂತಿಯನ್ನು ನೋಡಿದೆ. ನಮ್ಮ ಕಡೆ ಯಾವ ಎಸ್ಟೇಟ್ ಆಫೀಸಿನ ಜಗಲಿಗೆ ಹೋದರೂ ಗೋಡೆಯುದ್ದಕ್ಕೂ ಒಂದು ತಂತಿ ಕಟ್ಟಿರುತ್ತಾರೆ. ಒದ್ದೆ ಕೊಡೆಯನ್ನು ಅದರ ಬಾಗಿದ ಹಿಡಿಯಿಂದ ಅದಕ್ಕೆ ನೇತುಹಾಕಿ ಒಳಗೆ ಹೋಗಬೇಕು, ನೀರು ಹೊರಗೇ ಸೋರಬೇಕು. ಅದು ಹುಟ್ಟಿದಾರಭ್ಯ ನಮ್ಮೆಲ್ಲರ ರೂಢಿ. ಬೇಸಿಗೆಯಲ್ಲಿ ಬೆಂಗಳೂರಿನವರು ಈ ಕೋಣೆಯಿಂದ ಆ ಹಾಲಿಗೆ ಕಂಪ್ಯೂಟರಿನ ಬೂದು ಕೇಬಲ್ಲನ್ನು ಜಗಲಿಯುದ್ದಕ್ಕೂ, ಕಂಬದಿಂದ ಕಂಬಕ್ಕೆ, ಸರಿಯಾಗಿ ಅದೇ ಎತ್ತರದಲ್ಲಿ ಎಳೆದು ಹೋಗಿದ್ದರು. ಮಳೆ ಬಂದ ಮೇಲೆ ಬಂದವರೆಲ್ಲ, ಕಂಪನಿಯವರು ಕೊಡೆಗೆ ಹೊಸ ತಂತಿ ಹಾಕಿಸಿದ್ದಾರೆ ಎಂದುಕೊಂಡು ಸಾಲಾಗಿ ನೇತುಹಾಕಿದ್ದರು. ನಾನೂ ದಿನಾ ಅಲ್ಲೇ ನೇತುಹಾಕುತ್ತಿದ್ದೆ.

ಸುಮ್ಮನಿದ್ದಿದ್ದರೆ ಇಬ್ಬರೂ ಸಮ ಆಗುತ್ತಿದ್ದೆವು. ಅವಳಿಗೂ ಬರದು ಎಂದು ಹಾಲಿನವರೆಲ್ಲ ನೋಡಿದ್ದರು. ಆದರೆ ಇಂಜಿನಿಯರಿಗೆ ಸಿಗದ್ದು, ಅವಳಿಗೆ ಸಿಗದ್ದು ನನಗೆ ಸಿಕ್ಕಿದೆ ಎನ್ನುವುದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾದೀತೇ? ಎಲ್ಲರನ್ನೂ ಜಗಲಿಗೆ ಕರೆದೆ. ಮ್ಯಾನೇಜರೂ ಬಂದರು. ಕೊಡೆಗಳನ್ನೆಲ್ಲ ತೆಗೆಸಿದೆ, ಅವಳಿಗೆ ಒತ್ತು ಅಂದೆ, ಬಿಟ್ಟಿತು. ನೀರು ಸೋರುವ ಕೊಡೆಗಳನ್ನು ಮತ್ತೆ ಸಾಲಾಗಿ ಹಾಕಿಸಿದೆ, ಕೇಬಲ್ಲು ಜೋತುಬಿತ್ತು, ಒಳಗೆ ಬಿಡಲಿಲ್ಲ. ನಡುವಿನ ಕಂಬದ ಹತ್ತಿರ ಕೇಬಲ್ಲಿಗೆ ಒಂದು ಗಂಟಿತ್ತು. ತಂದ ಕೇಬಲ್ಲು ಸಾಲದೆ ಹೋಗಿ ತುಂಡೊಂದನ್ನು ಸೇರಿಸಿ ಕಪ್ಪು ಟೇಪು ಸುತ್ತಿದ್ದರು. ಕೊಡೆಯ ಭಾರಕ್ಕೆ ಅದು ಬಾಯಿಬಿಡುತ್ತಿತ್ತು, ಕೊಡೆಯ ನೀರು ಅದರೊಳಗೆ ಇಳಿಯುತ್ತಿತ್ತು. ಒತ್ತಿದ ಅಕ್ಷರಗಳಲ್ಲಿ ಒಂದೋ ಎರಡೋ ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಬೇರೆ ಕೆಲಸದಲ್ಲಾದರೆ ತಪ್ಪು ಪರದೆಯ ಮೇಲೆ ಕಾಣುತ್ತದೆ, ತಿದ್ದಿಕೊಳ್ಳಬಹುದು. ನಾನು ಎಷ್ಟೋ ಸಲ ಬೆರಳಿನ ತಪ್ಪೆಂದು ತಿದ್ದಿಕೊಂಡೂ ಇದ್ದೆ. ಪಾಸ್‌ವರ್ಡ್ ಕಾಣುವುದೇ ಇಲ್ಲವಲ್ಲ, ಹಾಗಾಗಿ ಬಾಗಿಲಲ್ಲೇ ತಡೆಯುತ್ತಿತ್ತು. ಇನ್ನು ಇಂಜಿನಿಯರು ಬಂದ ದಿನ ಒಂದು ಕೊಡೆಯೂ ಅಲ್ಲಿರದ ಹಾಗೆ ನೋಡಿಕೊಂಡಿದ್ದವರು ನಾವೇ.

ಮ್ಯಾನೇಜರು ಆ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, “ಭೇಷ್ ಕಣಮ್ಮ” ಎಂದರು. ಹೆಡ್‌ಕ್ಲಾರ್ಕ್ ನೆಲ ಡೊಂಕಿರುವುದೂ ಉಂಟು ಎಂದು ಒಪ್ಪಿಕೊಂಡರು. ಅವಳು ನನ್ನ ಕೈ ಹಿಡಿದು ಕುಲುಕಿದಳು, ಅವಳ ಕಣ್ಣಲ್ಲಿ ನಿಜವಾಗಿಯೂ ಸಂತೋಷವಿತ್ತು. ಅವಳಿಗೆ ಯಾಕೆ ಸಂತೋಷವಾಗಬೇಕು ಎಂದು ನನಗೆ ಅರ್ಥವಾಗಲಿಲ್ಲ. ಅವತ್ತು ಸಂಜೆ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಾನು ರಾಣಿಯ ಹಾಗೆ ನಿಂತುಕೊಂಡೇ ಊರಿಗೆ ಹೋದೆ.

ಇಂಜಿನಿಯರು ಬಂದು ಹೊಸ ಕೇಬಲ್ಲನ್ನು ಸೂರಿನ ಒಳಗೆ ಎಳೆದ. ತಾನು ಬಂದಾಗ ಕೊಡೆಗಳು ಇರಲಿಲ್ಲವಲ್ಲ ಎಂದಷ್ಟೇ ಹೇಳಿದ. ಗೋಡೆಗೆ ಮರದ ಪಟ್ಟಿ ಹೊಡೆಸಿ ಕೊಡೆಗಳಿಗೆ ಬೇರೆ ಜಾಗ ಮಾಡಿದರು. ನಾವಿಬ್ಬರೂ ಹಳೆಯ ಜಾಗಗಳಿಗೆ ಹೋದೆವು, ಹಾಳೆಗಳನ್ನು ಸಮನಾಗಿ ಹಂಚಿದರು, ತಿಂಗಳು ಶುರುವಾಯಿತು. ಈಗ ನೋಡಲಿ ಎಂದುಕೊಂಡೆ.

ನೋಡಿದೆ. ಮಳೆ ಎಷ್ಟೇ ಹೊಯ್ದರೂ ಪರದೆ ನನ್ನನ್ನು ಒಂದು ದಿನವೂ ತಡೆಯಲಿಲ್ಲ. ನನ್ನ ಬೆರಳುಗಳು ಅವಳ ಬೆರಳುಗಳಿಗಿಂತ ವೇಗವಾಗಿಯೇ ಓಡಿದವು. ಆದರೂ ಸಂಜೆಗೆ ಅವಳ ಮೇಜು ಖಾಲಿ, ನನ್ನದರಲ್ಲಿ ಹಾಳೆ ಉಳಿದಿರುತ್ತಿತ್ತು. ಮೊದಲ ವಾರ ಏನೋ ಕಳ್ಳಾಟವಿದೆ ಎಂದುಕೊಂಡೆ. ಆಮೇಲೆ ನೆವ ಮಾಡಿಕೊಂಡು ಹೋಗಿ ಅವಳ ಹಿಂದೆ ನಿಂತು ನೋಡಿದೆ. ಅವಳು ಕೂತ ಕೂಡಲೇ ಒತ್ತುತ್ತಿರಲಿಲ್ಲ. ಹಾಳೆಗಳನ್ನು ಮೊದಲು ಹರಡಿಕೊಂಡು, ಹೋದ ವಾರದ ಆಳುಗಳೇ ಇರುವ ಲೈನುಮನೆಗಳ ಹಾಳೆಗಳನ್ನು ಬೇರೆ ಮಾಡಿ, ಬದಲಾದದ್ದನ್ನು ಮಾತ್ರ ಒತ್ತುತ್ತಿದ್ದಳು. ರೈಟರು ಒಂದೇ ಆಳನ್ನು ಎರಡು ಕಡೆ ಬರೆದಿದ್ದರೆ ಒತ್ತುವ ಮೊದಲೇ ಅವಳಿಗೆ ಕಾಣುತ್ತಿತ್ತು. ನನಗೆ ಎಲ್ಲ ಒತ್ತಿ ಮುಗಿಸಿ, ಕೂಡಿಕೆ ತಪ್ಪಾದ ಮೇಲೆ ಕಾಣುತ್ತಿತ್ತು. ನಾನೂ ಹಾಗೆ ಮಾಡಲು ಹೋದೆ. ಆಗಲಿಲ್ಲ. ನನ್ನ ಕೈ ಕಾಯುವ ಕೈಯಲ್ಲ, ಹಾಳೆ ಕಂಡರೆ ಓಡುವ ಕೈ.

ಒಂದು ದಿನ ಅವಳು ಒಂದು ಇಡೀ ಎಸ್ಟೇಟನ್ನು ತಪ್ಪಾಗಿ ಒತ್ತಿದಳು. ನನಗೆ ಬಾಯಿ ಸಿಹಿಯಾಯಿತು. ಅವಳು ತಾನೇ ಎದ್ದು ಹೋಗಿ ಮ್ಯಾನೇಜರಿಗೆ ಹೇಳಿ, ಬಂದು ಮತ್ತೆ ಒತ್ತಿದಳು. ಸಂಜೆಗೆ ಮೇಜು ಖಾಲಿ.

ಮಳೆಯಲ್ಲಿ ನಾನು ಪಟ್ಟ ಪಾಡು ದೊಡ್ಡದಲ್ಲ ಎಂದು ಆ ತಿಂಗಳಲ್ಲಿ ನನಗೆ ತಿಳಿಯಿತು. ಆಗ ಬೈಯಲು ಕಂಪ್ಯೂಟರಿತ್ತು, ಇಂಜಿನಿಯರಿದ್ದ, ಅವಳ ಮೋಸವಿತ್ತು. ಎಲ್ಲವನ್ನೂ ನಾನೇ ಕೈಯಾರೆ ಸರಿಮಾಡಿಸಿಬಿಟ್ಟಿದ್ದೆ. ಹೊಟ್ಟೆಕಿಚ್ಚು ಮಾತ್ರ ಉಳಿದಿತ್ತು, ಅದನ್ನು ಇಡಲು ಜಾಗವಿರಲಿಲ್ಲ. ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡೆ.

ತಿಂಗಳು ಮುಗಿದ ಮೇಲೆ ಮ್ಯಾನೇಜರು ನನ್ನನ್ನೇ ಮೊದಲು ಕರೆದರು. ಕೂರಲು ಹೇಳಿದರು. ಅವರು ಯಾರನ್ನೂ ಕೂರಿಸಿದವರಲ್ಲ, ಅಲ್ಲೇ ನನಗೆ ಗೊತ್ತಾಯಿತು. ಪೋಸ್ಟ್ ಅವಳಿಗೆ, ನನಗೆ ಹೆತ್ತೂರು ಹತ್ತಿರದ ಎಸ್ಟೇಟ್ ಆಫೀಸಿನಲ್ಲಿ ಕ್ಲಾರ್ಕ್ ಕೆಲಸ, ಅದೂ ಟೆಂಪರವರಿಯೇ. ಕೊಡೆಯ ವಿಷಯ ಕಂಡುಹಿಡಿದದ್ದನ್ನು ಅವರು ಮತ್ತೆ ಹೊಗಳಿದರು. ನಾನು ಸರಿ ಸಾರ್ ಎಂದೆ. ಮನೆಗೆ ಬಂದು ಅವ್ವನಿಗೆ ಮಂಗಳೂರಿನವರು ಮೊದಲೇ ಕಲಿತು ಬಂದಿರುತ್ತಾರೆ ಎಂದೆ. ಅವ್ವ ನಂಬಿದಳು, ನಾನು ನಂಬಲಿಲ್ಲ.

ಮುಂದಿನ ಮಳೆಗಾಲದಲ್ಲಿ, ರೈಟರಿಗೆ ಜ್ವರ ಬಂದದ್ದರಿಂದ ಎಸ್ಟೇಟಿನ ಹಾಜರಿ ಹಿಡಿದು ನಾನೇ ಸಕಲೇಶಪುರಕ್ಕೆ ಹೋದೆ. ಅವಳು ಕುರ್ಚಿಯಿಂದ ಎದ್ದು ಬಂದು ಕೈಯಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡಳು, ಕಾಫಿ ತರಿಸಿದಳು, ಮದುವೆ ಗೊತ್ತಾಯಿತಂತಲ್ಲ ಎಂದು ವಿಚಾರಿಸಿದಳು. ಅವಳಲ್ಲಿ ಎಲ್ಲೂ ತಪ್ಪು ಹುಡುಕಲು ಆಗದೆ ನಾನು ಗೋಡೆಯ ಬಣ್ಣ ನೋಡುತ್ತಾ ಕೂತಿದ್ದೆ. ಏಳಬೇಕು ಎನ್ನುವಾಗ ಅವಳು ದನಿ ತಗ್ಗಿಸಿ ಹೇಳಿದಳು: “ನೀವು ಹೋದ ಮೇಲೆ ನಿಮ್ಮ ಹೆಸರು ಕಂಪ್ಯೂಟರಿಂದ ತೆಗೀಲಿಕ್ಕೆ ಹೇಳಿದ್ರು ಅಕ್ಕ. ನಾನು ತೆಗೀಲಿಲ್ಲ. ಹಾಗೇ ಉಂಟು.”

ಹೋಗಿ ಹಾಲಿನ ಟರ್ಮಿನಲ್ಲಿನ ಮುಂದೆ ಕೂತೆ. ಹೆಸರು ಒತ್ತಿದೆ. ಪಾಸ್‌ವರ್ಡ್ ಮರೆತಿರಲಿಲ್ಲ, ಬೆರಳೇ ಒತ್ತಿತು. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಒಂದೇ ಸಲಕ್ಕೆ ಒಳಗೆ ಬಿಟ್ಟಿತು. ಹಸಿರು ಅಕ್ಷರಗಳು ಮೂಡಿ, ಏನು ಮಾಡಬೇಕು ಎಂದು ಕೇಳುತ್ತಾ ನಿಂತವು. ಅಲ್ಲಿ ಮಾಡುವುದಕ್ಕೆ ನನಗೆ ಏನೂ ಕೆಲಸವಿರಲಿಲ್ಲ.